ತಾಟು ಬಿದ್ದ ಹಾಡು

ಪರಮಣ್ಣನ ಮನೆಯಲ್ಲಿ ಕ್ಯಾಸೆಟ್ಟು ಅಂತ ಇದ್ದದ್ದು ಒಂದೇ. ಅದರ ಮೇಲೆ ಚಿತ್ರವಿರಲಿಲ್ಲ. ನೀಲಿ ಶಾಯಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದದ್ದಿತ್ತು, ಅದೂ ಕೈ ತಾಗಿ ತಾಗಿ ಅಳಿಸಿಹೋಗಿತ್ತು. ಇಪ್ಪತ್ತೊಂದರ ಹರೆಯದಲ್ಲಿ ಅವನು ಶಹಾಪುರದ ಕಡೆಯ ಕಾಲುವೆ ಕ್ಯಾಂಪಿನಲ್ಲಿ ದಿನಗೂಲಿಗೆ ಇದ್ದ. ಅಲ್ಲಿಯ ಇಂಜಿನಿಯರೊಬ್ಬರಿಗೆ ವರ್ಗವಾದಾಗ ಸಾಮಾನು ಲಾರಿಗೆ ಏರಿಸಲು ಹೋಗಿದ್ದ. ಹೊರಡುವ ಮೊದಲು ಅವರು ಒಂದು ಹಳೆಯ ಟೇಪ್ ರೆಕಾರ್ಡರನ್ನು ಇವನ ಕೈಗಿಟ್ಟು, ಇಟ್ಟುಕೋ ಎಂದರು. ಕ್ಯಾಸೆಟ್ಟು ಅದರ ಹೊಟ್ಟೆಯೊಳಗೇ ಉಳಿದುಬಿಟ್ಟಿತ್ತು. ಆ ಇಂಜಿನಿಯರು ಯಾವ ಊರಿನವರು, ಮುಂದೆ ಎಲ್ಲಿಗೆ ಹೋದರು ಎಂದು ಪರಮಣ್ಣನಿಗೆ ತಿಳಿಯದು. ಕ್ವಾರ್ಟರ್ಸಿನಲ್ಲಿ ಒಬ್ಬರೇ ಇರುತ್ತಿದ್ದರು, ಯಾರೊಡನೆಯೂ ಹೆಚ್ಚು ಮಾತಿರಲಿಲ್ಲ, ಇಷ್ಟೇ ನೆನಪು.

ಕ್ಯಾಸೆಟ್ಟಿನಲ್ಲಿದ್ದದ್ದು ಇಂಗ್ಲಿಷ್ ಹಾಡುಗಳು. ಡ್ರಮ್ಮು, ಗಿಟಾರು, ಒಬ್ಬ ಗಂಡಸಿನ ಒಡಕು ದನಿ, ಅದರ ಹಿಂದೆ ಸಾವಿರಾರು ಮಂದಿಯ ಗದ್ದಲ. ಮೊದಮೊದಲು ಬೇರೆ ಕ್ಯಾಸೆಟ್ಟಿಲ್ಲವೆಂದು ಪರಮಣ್ಣ ಅದನ್ನು ಕೇಳಿದ. ಆಮೇಲೆ ಬೇರೆ ಕ್ಯಾಸೆಟ್ಟು ಬೇಕೆನಿಸಲಿಲ್ಲ. ಕೆಲಸ ಕಾಯಂ ಆಗಿ, ರಂಗಂಪೇಟೆಯಲ್ಲಿ ಮನೆ ಮಾಡಿಕೊಂಡು, ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸಕ್ಕೆ ಹೋಗಿಬರುವಾಗಲೂ ಸಂಜೆಯ ಚಹಾದ ಹೊತ್ತಿಗೆ ಅದು ಹಾಡಲೇಬೇಕು. ಟೇಪಿನ ಒಳಗಿನ ರಬ್ಬರ್ ಬೆಲ್ಟು ಹರಿದಾಗೆಲ್ಲ ಸುರಪುರದ ಲಾಡ್ಲೇಸಾಬನ ಅಂಗಡಿಗೆ ಒಯ್ಯುತ್ತಿದ್ದ. ಲಾಡ್ಲೇಸಾಬ ಈಗ ಮೊಬೈಲ್ ಮಾತ್ರ ರಿಪೇರಿ ಮಾಡುತ್ತಾನೆ, ಆದರೂ ಪರಮಣ್ಣನಿಗಾಗಿ ನಾಲ್ಕು ಬೆಲ್ಟು ತೆಗೆದಿಟ್ಟಿದ್ದ.

ಆ ಹಾಡುಗಳಲ್ಲಿ ನಾಲ್ಕನೆಯದು ನಿಧಾನದ್ದು. ಅದರ ನಡುವೆ ಹಾಡುವವನು ಸುಮ್ಮನಾಗುತ್ತಾನೆ, ಗದ್ದಲವೂ ನಿಲ್ಲುತ್ತದೆ. ಆಗ ಒಂದು ಸ್ಟೀಲಿನ ಊಟದ ತಾಟು ಬೀಳುತ್ತದೆ. ಬಿದ್ದು ಗಿರಗಿರ ತಿರುಗಿ, ತಿರುಗಿ, ಮಲಗುತ್ತದೆ. ಒಬ್ಬ ಹೆಣ್ಣುಮಗಳು ಎರಡು ಮಾತಾಡಿ ನಗುತ್ತಾಳೆ. ಆ ನಗೆ ಮುಗಿಯುವಷ್ಟರಲ್ಲಿ ಗಿಟಾರು ಶುರುವಾಗುತ್ತದೆ. ಪರಮಣ್ಣನಿಗೆ ಇಡೀ ಕ್ಯಾಸೆಟ್ಟಿನಲ್ಲಿ ಇದಕ್ಕಿಂತ ಚಂದದ ಜಾಗ ಇನ್ನೊಂದಿರಲಿಲ್ಲ. ಅಷ್ಟು ದೊಡ್ಡ ಕಲಾವಿದ ಒಂದು ತಾಟು ಬಿದ್ದ ಸದ್ದಿಗೆ ಸಿಟ್ಟಾಗದೆ, ಅದು ಪೂರ್ತಿ ಮಲಗುವವರೆಗೆ ಕಾದು, ಆಮೇಲೆ ಬಾರಿಸುತ್ತಾನಲ್ಲ ಎಂದು ಅವನಿಗೆ ಪ್ರತಿ ಸಲವೂ ಮನಸ್ಸು ತುಂಬಿಬರುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೇಳುವವರು ಯಾರಿದ್ದರು?

ಕಳೆದ ವರ್ಷ ಬೇಸಿಗೆಯಲ್ಲಿ ಮನೆಮನೆಗೆ ಬಿಪಿ, ಶುಗರ್ ನೋಡಲು ಬಂದ ನರ್ಸು ನಾಗಲಕ್ಷ್ಮಿ ಅವನ ಬಾಗಿಲಲ್ಲಿ ನಿಂತವಳು ಒಳಗೆ ಬರಲೇ ಇಲ್ಲ. ಶಹಾಪುರದ ಹುಡುಗಿ, ಇಪ್ಪತ್ತೆಂಟರ ಆಸುಪಾಸು. ಹೆಗಲಿಗೆ ಚೀಲ, ಕೈಯಲ್ಲಿ ಬಿಪಿ ನೋಡುವ ಯಂತ್ರ. ಹಾಡು ಮುಗಿಯುವವರೆಗೆ ಹಾಗೇ ನಿಂತಿದ್ದು, ಆಮೇಲೆ ಇದು ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಪರಮಣ್ಣ ಹೇಳಿದ. ಇದು ಬರೀ ಹಾಡಲ್ಲ, ಒಂದು ಸಿನಿಮಾದ ಸದ್ದು ಎಂದು ಅವಳೆಂದಳು. ಐವತ್ತು ವರ್ಷದ ಹಿಂದೆ ಹೊರದೇಶದ ಒಂದು ಬ್ಯಾಂಡಿನ ಐದು ಮಂದಿ ಎರಡು ದಿನ ಹಾಡಿದ್ದನ್ನು ಕ್ಯಾಮೆರಾದಲ್ಲಿ ತೆಗೆದದ್ದು. ಕಲಬುರಗಿಯಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ನೋಡಿ ಅವಳಿಗೆ ಹುಚ್ಚು ಹಿಡಿದಿತ್ತಂತೆ. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್ ಕಡೆಯ, ಅಂಥದೇ ಹುಚ್ಚಿನ ಹದಿನಾಲ್ಕು ಮಂದಿ ಸೇರಿ ಒಂದು ವಾಟ್ಸಾಪ್ ಗ್ರೂಪು ಮಾಡಿಕೊಂಡಿದ್ದರು. ಐವತ್ತು ವರ್ಷ ತುಂಬಿತೆಂದು ಆ ಸಿನಿಮಾವನ್ನು ಹೊಸದಾಗಿ ತಿದ್ದಿ ಬಿಡುಗಡೆ ಮಾಡಿದ್ದರು, ಬರುವ ಭಾನುವಾರ ಯಾದಗಿರಿಯಲ್ಲಿ ಎಲ್ಲರೂ ಕೂಡಿ ನೋಡುವುದಿತ್ತು, ನೀವೂ ಬನ್ನಿ ಎಂದು ಕರೆದಳು.

ಪರಮಣ್ಣನಿಗೆ ಮೊದಲು ಇದು ತಲೆಗೆ ಹೋಗಲಿಲ್ಲ. ಈ ಹಾಡಿಗೆ ನೋಡುವ ಭಾಗವೂ ಇದೆ ಎಂದು ಅವನು ಎಂದೂ ಅಂದುಕೊಂಡಿರಲಿಲ್ಲ. ನಾಗಲಕ್ಷ್ಮಿ ಬಿಪಿ ನೋಡಿದಾಗ ಸ್ವಲ್ಪ ಹೆಚ್ಚೇ ಇತ್ತು.

ಭಾನುವಾರ ಬಸ್ಸಿನಲ್ಲಿ ಹೋದ. ಶಹಾಪುರದಲ್ಲಿ ನಾಗಲಕ್ಷ್ಮಿ ಹತ್ತಿಕೊಂಡಳು. ಯಾದಗಿರಿಯ ಸ್ಟೇಷನ್ ಕಡೆಯ ಒಂದು ಮನೆಯ ಮಾಳಿಗೆಯ ಮೇಲೆ ಟ್ಯೂಷನ್ ಕೋಣೆ. ಮನೆಯೊಡೆಯ ವಿಶ್ವರಾಧ್ಯ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು, ಹಣೆಯಲ್ಲಿ ವಿಭೂತಿ, ಮೈಮೇಲೆ ಆ ಬ್ಯಾಂಡಿನ ಚಿತ್ರವಿದ್ದ ಕರಿ ಟೀ ಶರ್ಟು. ಗ್ರೂಪಿನ ಹಿರಿಯ ಅವರೇ. ಕಿಟಕಿಗಳಿಗೆ ಕಂಬಳಿ ಹಾಕಿ ಕತ್ತಲು ಮಾಡಿದ್ದರು. ಹನ್ನೊಂದು ಮಂದಿ ಬಂದಿದ್ದರು. ಪರಮಣ್ಣನನ್ನು ಮುಂದಿನ ಬೆಂಚಿನಲ್ಲೇ ಕೂಡಿಸಿದರು.

ಸಿನಿಮಾ ಶುರುವಾಯಿತು. ಪರಮಣ್ಣನಿಗೆ ಹಾಡು ಗುರುತು ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಹಾಡುವವನು ದಪ್ಪ ಮೀಸೆಯ ಪೈಲವಾನನಂಥವನು ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಪರದೆಯ ಮೇಲಿದ್ದದ್ದು ಹೆಗಲ ತನಕ ಕೂದಲು ಬಿಟ್ಟ ಒಬ್ಬ ಸಪೂರ ಹುಡುಗ. ಬಯಲಿನಲ್ಲಿ ನಡೆದದ್ದು ಎಂದುಕೊಂಡಿದ್ದ, ಅದು ಮೇಲೆ ಮುಚ್ಚಿಗೆಯಿದ್ದ ದೊಡ್ಡ ಹಾಲ್. ಸುತ್ತ ಕೂತವರಿಗೆ ಎಲ್ಲವೂ ಬಾಯಿಪಾಠ. ಈಗ ಡ್ರಮ್ಮಿನವನ ಕೋಲು ಮುರಿಯುತ್ತದೆ ಎಂದು ಯಾರೋ ಹೇಳಿದರೆ ಮರುಕ್ಷಣವೇ ಅದು ಮುರಿಯುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗುರುಮಠಕಲ್ಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಬಸಲಿಂಗ ಎಂಬವನಿಗೆ ಹಾಡಿಗಿಂತ ಕ್ಯಾಮೆರಾದ ಮೇಲೆ ಪ್ರೀತಿ; ಎಡಗಡೆಯ ಕ್ಯಾಮೆರಾದವನ ಕೈ ಎಲ್ಲೆಲ್ಲಿ ನಡುಗಿದೆ ಎಂದು ತೋರಿಸುತ್ತಿದ್ದ. ಹೊಸ ಪ್ರತಿಯಲ್ಲಿ ಬೆವರ ಹನಿ ಕೂಡ ಎಣಿಸುವ ಹಾಗಿದೆ ಎಂದು ವಿಶ್ವರಾಧ್ಯ ಪಿಸುಗುಟ್ಟಿದರು.

ನಾಲ್ಕನೆಯ ಹಾಡು ಬಂತು. ಪರಮಣ್ಣ ಬೆಂಚಿನ ತುದಿಗೆ ಸರಿದು ಕೂತ. ಹಾಡುವವನು ಸುಮ್ಮನಾದ, ಮಂದಿ ಸುಮ್ಮನಾದರು. ಗಿಟಾರಿನವನು ಕೈ ಎತ್ತಿ ಹಾಗೇ ಹಿಡಿದ. ಆಮೇಲೆ ಯಾರೋ ಕರೆದರೆಂಬಂತೆ ಎಡಕ್ಕೆ ತಲೆ ಹೊರಳಿಸಿದ, ಸಣ್ಣಗೆ ನಕ್ಕ, ಬಾರಿಸತೊಡಗಿದ. ತಾಟು ಬೀಳಲಿಲ್ಲ. ಹೆಣ್ಣುಮಗಳು ನಗಲಿಲ್ಲ.

ಪರಮಣ್ಣ ಎದ್ದು ನಿಂತ. ಅವನ ನೆರಳು ಪರದೆಯ ಮೇಲೆ ಬಿತ್ತು.

“ನಡುವ ಕಡದಾರ್ರಿ ಇದನ್ನ,” ಎಂದ. “ಇಲ್ಲಿ ತಾಟ ಬೀಳ್ತೈತಿ.”

ವಿಶ್ವರಾಧ್ಯ ಸಿನಿಮಾ ನಿಲ್ಲಿಸಿದರು. ಯಾವ ತಾಟು ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಪರಮಣ್ಣ ತೊದಲುತ್ತ ಎಲ್ಲ ಹೇಳಿದ. ತಾಟು ಬಿದ್ದದ್ದಕ್ಕೇ ಅವನು ತಲೆ ಹೊರಳಿಸಿದ್ದು, ಅವಳು ನಕ್ಕದ್ದಕ್ಕೇ ಅವನೂ ನಕ್ಕದ್ದು, ಇಲ್ಲದಿದ್ದರೆ ಯಾಕೆ ಹೊರಳಿ ನೋಡಬೇಕು? ಕೋಣೆಯಲ್ಲಿ ಯಾರೂ ನಗಲಿಲ್ಲ. ಗಿಟಾರಿನವನು ಆ ಕ್ಷಣದಲ್ಲಿ ಏನನ್ನು ನೋಡಿದ ಎಂಬುದು ಆ ಸಿನಿಮಾದ ಅಭಿಮಾನಿಗಳು ಐವತ್ತು ವರ್ಷದಿಂದ ಬಗೆಹರಿಸದೆ ಉಳಿಸಿಕೊಂಡ ಮಾತಾಗಿತ್ತು. ಹೆಂಡತಿ ಪಕ್ಕದಲ್ಲಿ ನಿಂತಿದ್ದಳು ಎಂದು ಕೆಲವರು, ತಂತಿ ಹರಿಯಿತೆಂದು ಕೆಲವರು. ವಿಶ್ವರಾಧ್ಯರು ಆ ಜಾಗವನ್ನು ಮೂರು ಸಲ ಹಿಂದಕ್ಕೆ ತಿರುಗಿಸಿ ಹಾಕಿದರು. ಮೂರು ಸಲವೂ ಪರಮಣ್ಣ ಹೇಳಿದ ಹಾಗೇ ತಲೆ ಹೊರಳಿತು, ನಗೆ ಬಂತು. ಮೊದಲು ಬೇರೆ ದೇಶದ ವಿಡಿಯೋ ಕ್ಯಾಸೆಟ್ಟುಗಳಲ್ಲಿ ಬೇರೆ ಪ್ರತಿ ಇತ್ತೆಂದು ಕೇಳಿದ್ದೇನೆ ಎಂದ ಬಸಲಿಂಗ. ತಮ್ಮ ಹತ್ತಿರ ಇರುವುದೇ ಪೂರ್ತಿ ಪ್ರತಿ ಎಂದು ನಂಬಿದ್ದ ವಿಶ್ವರಾಧ್ಯರ ಮುಖ ಸಪ್ಪಗಾಯಿತು. ಉಳಿದ ಸಿನಿಮಾವನ್ನು ಯಾರೂ ಸರಿಯಾಗಿ ನೋಡಲಿಲ್ಲ.

ಅಂದೇ ಸಂಜೆ ವಿಶ್ವರಾಧ್ಯರು ಇಂಟರ್ನೆಟ್ಟಿನಲ್ಲಿದ್ದ ಹೊರದೇಶದ ಅಭಿಮಾನಿಗಳ ಕೂಟಕ್ಕೆ ಪ್ರಶ್ನೆ ಬರೆದು ಹಾಕಿದರು. ಎರಡು ದಿನದಲ್ಲಿ ಐವತ್ತಕ್ಕೂ ಹೆಚ್ಚು ಉತ್ತರ. ಹಾಗೇನೂ ಇಲ್ಲ ಎಂದವರೇ ಹೆಚ್ಚು. ಆದರೆ ತಾನು ಅಂದು ಆ ಹಾಲ್‌ನಲ್ಲೇ ಇದ್ದೆ ಎಂದು ಹೇಳಿಕೊಂಡ ಒಬ್ಬ ಮುದುಕ, ಹೌದು, ಏನೋ ಬಿದ್ದ ಸದ್ದು ನನಗೂ ನೆನಪಿದೆ ಎಂದು ಬರೆದ. ಇನ್ನೊಬ್ಬಳು ಅದು ತಾಟಲ್ಲ, ಡ್ರಮ್ಮಿನ ಪಕ್ಕದ ಕಂಚಿನ ತಾಳ ಎಂದಳು. ಬಸಲಿಂಗ ಒಂದೊಂದು ಉತ್ತರವನ್ನೂ ಗ್ರೂಪಿಗೆ ಕಳಿಸುತ್ತಿದ್ದ. ನಾಗಲಕ್ಷ್ಮಿ ಫೋನು ಮಾಡಿ ಪರಮಣ್ಣನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅವನಿಗೆ ಖುಷಿಯೂ ಆಯಿತು, ಗಾಬರಿಯೂ ಆಯಿತು. ತಾನೊಬ್ಬನೇ ಕೇಳಿದ ಸದ್ದಿಗಾಗಿ ಎಲ್ಲೆಲ್ಲಿಯದೋ ಮಂದಿ ಯಾಕೆ ಜಗಳಾಡುತ್ತಿದ್ದಾರೆ ಎಂದು ತಿಳಿಯಲಿಲ್ಲ.

ಮುಂದಿನ ಭಾನುವಾರ ವಿಶ್ವರಾಧ್ಯ ಮತ್ತು ನಾಗಲಕ್ಷ್ಮಿ ರಂಗಂಪೇಟೆಗೆ ಬಂದರು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ವೈರು, ಹೆಡ್‌ಫೋನು ಎಲ್ಲ ತಂದಿದ್ದರು. ಪರಮಣ್ಣನ ಹೆಂಡತಿ ದುರಗಮ್ಮ ಚಾಪೆ ಹಾಸಿ ನೀರು ಕೊಟ್ಟಳು. ವಿಶ್ವರಾಧ್ಯರು ಹೆಡ್‌ಫೋನು ಹಾಕಿಕೊಂಡು ನಾಲ್ಕನೆಯ ಹಾಡು ಕೇಳಿದರು. ತಾಟು ಬಿದ್ದ ಜಾಗಕ್ಕೆ ಬಂದಾಗ ಅವರ ಹುಬ್ಬು ಗಂಟಾಯಿತು. ಇನ್ನೊಮ್ಮೆ ಕೇಳಿದರು. ಹೆಡ್‌ಫೋನನ್ನು ನಾಗಲಕ್ಷ್ಮಿಗೆ ಕೊಟ್ಟರು. ಅವಳೂ ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕಾಕಾ,” ಎಂದು ನಾಗಲಕ್ಷ್ಮಿ ಶುರುಮಾಡಿ ನಿಲ್ಲಿಸಿದಳು. “ಈ ಟೇಪು ಹೆಂಗ ಮಾಡಿದ್ರಂದ್ರ...”

ಪರಮಣ್ಣ ಕಾಯುತ್ತಿದ್ದ. ಒಲೆಯ ಮುಂದೆ ಚಹಾ ಸೋಸುತ್ತಿದ್ದ ದುರಗಮ್ಮ ತಲೆಯೆತ್ತದೆ ಕೇಳಿದಳು.

“ಆ ತಾಟ ಬಿದ್ದದ್ದ ಏನ್ರಿ? ಅದು ಅವ್ರ ಮನ್ಯಾಗ ಬಿದ್ದದ್ದರಿ.”

“ಯಾರ ಮನ್ಯಾಗ?” ಎಂದ ಪರಮಣ್ಣ.

“ಟೇಪ್ ಮಾಡ್ಕೊಂಡವ್ರ ಮನ್ಯಾಗ. ನೆಲದ ಪರ್ಸಿ ಕಲ್ಲಿನ ಮ್ಯಾಲ ಬಿದ್ದ ಸಪ್ಪಳ ಗೊತ್ತಾಗಂಗಿಲ್ಲೇನು? ಆಕಿ ಕೈ ಹಸಿ ಇದ್ದೀತು, ಜಾರೇತಿ, ನಕ್ಕಾಳ.”

“ನಿನಗ ಯಾವಾಗಿಂದ ಗೊತ್ತು?”

“ಮೊದಲಿಂದ.”

“ಮತ್ತ ನನಗ ಹೇಳಲಿಲ್ಲ?”

“ಹೇಳೂದೇನೈತಿ ಅದರಾಗ,” ಎಂದು ದುರಗಮ್ಮ ಚಹಾದ ಕಪ್ಪುಗಳನ್ನು ತಂದಿಟ್ಟಳು. “ನಿನಗೂ ಗೊತ್ತೈತಿ ಅಂದ್ಕೊಂಡಿದ್ದೆ.”

ವಿಶ್ವರಾಧ್ಯರು ಆಗ ಬಿಡಿಸಿ ಹೇಳಿದರು. ಆ ಕಾಲದಲ್ಲಿ ಟೀವಿಯಲ್ಲಿ ವಿಡಿಯೋ ಹಾಕಿ, ಅದರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಸದ್ದು ಹಿಡಿಯುತ್ತಿದ್ದರು. ಸಿನಿಮಾದ ಸದ್ದಿನ ಜೊತೆ ಮನೆಯ ಸದ್ದೂ ಬರುತ್ತಿತ್ತು. ಅದು ಬೆರಕೆಯಾದದ್ದು ಹೀಗೆ. ಪರಮಣ್ಣ ಎಲ್ಲ ಕೇಳಿಸಿಕೊಂಡ. ಆಮೇಲೆ, ಇಂಜಿನಿಯರ್ ಸಾಹೇಬರು ಒಬ್ಬರೇ ಇದ್ದರಲ್ಲ, ಅವರ ಮನೆಯಲ್ಲಿ ಯಾವ ಹೆಣ್ಣುಮಗಳನ್ನೂ ತಾನು ಕಂಡದ್ದಿಲ್ಲವಲ್ಲ ಎಂದ. ಬೇರೆ ಎಲ್ಲೋ ಮಾಡಿದ್ದಿರಬಹುದು, ಅಕ್ಕನ ಮನೆಯೋ ಗೆಳೆಯನ ಮನೆಯೋ, ಈಗ ತಿಳಿಯುವ ದಾರಿಯಿಲ್ಲ ಎಂದರು ವಿಶ್ವರಾಧ್ಯರು. ಅವಳು ಆಡಿದ ಎರಡು ಮಾತು ಯಾವ ಭಾಷೆಯದು ಎಂದೂ ಅವರಿಗೆ ಗೊತ್ತಾಗಿರಲಿಲ್ಲ.

“ಹಂಗಾದ್ರ ಇಷ್ಟ ದಿನಾ ನಾ ಕೇಳಿದ್ದು ಏನ್ರಿ, ಸರ?”

ವಿಶ್ವರಾಧ್ಯರು ಚಹಾ ಕುಡಿದರು, ಕಪ್ಪು ಕೆಳಗಿಟ್ಟರು. ತರಗತಿಯಲ್ಲಿ ಸದ್ದಿನ ಅಲೆಗಳ ಪಾಠ ಮಾಡುವ ಮನುಷ್ಯ ಅವರು. ಹಾಡಂತೂ ಅದೇ ಹಾಡು ಎಂದು ಏನೋ ಹೇಳಿ, ವೈರು ಸುತ್ತಿಕೊಂಡು ಹೊರಟರು.

ಆಮೇಲೆ ಪರಮಣ್ಣ ಟೇಪು ಹಾಕಲಿಲ್ಲ. ಸಂಜೆ ಗೇಟಿನಿಂದ ಬಂದು ಚಹಾ ಕುಡಿದು ಹೊರಗೆ ಕಟ್ಟೆಯ ಮೇಲೆ ಕೂಡುತ್ತಿದ್ದ. ಮೂರ್ಖನಾದೆ ಎಂಬ ನಾಚಿಕೆ ಒಂದು ಕಡೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಗಿಟಾರಿನವನ ಮೇಲೆ ತಾನು ಇಟ್ಟಿದ್ದ ಗೌರವವನ್ನು ಈಗ ಎಲ್ಲಿ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಆ ಮನುಷ್ಯ ತಾಟಿಗಾಗಿ ಕಾದಿರಲಿಲ್ಲ. ಅವನಿಗೆ ತಾಟಿನ ಸುದ್ದಿಯೇ ಗೊತ್ತಿರಲಿಲ್ಲ. ಹಾಗಿದ್ದರೂ ತಲೆ ಹೊರಳಿಸಿ ನಕ್ಕದ್ದು ಕಣ್ಣಾರೆ ಕಂಡದ್ದಲ್ಲವೇ? ಈ ಎರಡು ಮಾತು ಒಂದರೊಳಗೊಂದು ಕೂಡುತ್ತಿರಲಿಲ್ಲ. ಗೇಟಿನ ಚಕ್ರ ತಿರುಗಿಸುವಾಗ ಇದೇ ಯೋಚನೆಯಲ್ಲಿ ಒಂದು ದಿನ ಹೇಳಿದ್ದಕ್ಕಿಂತ ಎರಡು ಸುತ್ತು ಹೆಚ್ಚು ಏರಿಸಿ, ಕೆಳಗಿನ ಹೊಲದವರು ಕೂಗಿದ ಮೇಲೆ ಇಳಿಸಿದ. ಮೂರು ವಾರವಾದ ಮೇಲೆ ದುರಗಮ್ಮನೇ, ಟೇಪ್ ಕೆಟ್ಟಿದೆಯೇ, ಲಾಡ್ಲೇಸಾಬನ ಕಡೆ ಒಯ್ಯಬಾರದೇ ಎಂದು ಕೇಳಿದಳು. ಮನೆ ಭಣಗುಡುತ್ತದೆ ಎಂದಳು. ಅವನು ಎದ್ದು ಕಟ್ಟೆಗೆ ಹೋದ.

ಅಷ್ಟರಲ್ಲಿ ಗ್ರೂಪಿನಲ್ಲಿ ಬೇರೆಯೇ ನಡೆದಿತ್ತು. ವಿಶ್ವರಾಧ್ಯರು ಆ ಹಾಡಿನ ತುಣುಕನ್ನು ಎಲ್ಲರಿಗೂ ಕಳಿಸಿದ್ದರು. ತಾಟಿನ ಕಥೆ ಬಗೆಹರಿಯಿತೆಂದು ತೋರಿಸಲು ಕಳಿಸಿದ್ದು, ಆದರೆ ಮಂದಿ ಅದನ್ನೇ ಮತ್ತೆ ಮತ್ತೆ ಕೇಳತೊಡಗಿದರು. ಶಹಾಪುರದಲ್ಲಿ ಮತ್ತೊಮ್ಮೆ ಸೇರೋಣ, ಪರಮಣ್ಣ ಕ್ಯಾಸೆಟ್ಟು ತರಲಿ ಎಂದು ಎಲ್ಲರೂ ಹಟ ಹಿಡಿದರು. ನಾಗಲಕ್ಷ್ಮಿ ಮನೆಗೆ ಬಂದು ಕರೆದಳು. ಪರಮಣ್ಣ ಒಲ್ಲೆನೆಂದ. ನಗಲು ಕರೆಯುತ್ತಾರೆ ಎಂದು ಅವನ ಅನುಮಾನ. ಅವಳು, ನಗುವವರಿದ್ದರೆ ತಾನೇ ಕರೆಯುತ್ತಿರಲಿಲ್ಲ ಎಂದಳು. ದುರಗಮ್ಮ ಕ್ಯಾಸೆಟ್ಟನ್ನು ಟವೆಲಿನಲ್ಲಿ ಸುತ್ತಿ, ಟೇಪ್ ರೆಕಾರ್ಡರಿನ ಜೊತೆ ಕೈಗೆ ಕೊಟ್ಟಳು.

ಶಹಾಪುರದಲ್ಲಿ ನಾಗಲಕ್ಷ್ಮಿಯ ಅಣ್ಣನ ಅಂಗಡಿಯ ಹಿಂದಿನ ಖಾಲಿ ಕೋಣೆಯಲ್ಲಿ ಮಧ್ಯಾಹ್ನ ಕೂಡಿದರು. ಬಸಲಿಂಗನ ಯೋಜನೆಯೆಂದರೆ, ಪರದೆಯ ಮೇಲೆ ಸಿನಿಮಾದ ಸದ್ದು ಬಂದ್ ಮಾಡಿ ಅದೇ ಹೊತ್ತಿಗೆ ಕ್ಯಾಸೆಟ್ಟು ಹಾಕುವುದು. ಹಾಕಿದರು. ಆದರೆ ಹಳೆಯ ಟೇಪಿನ ಓಟ ನಿಧಾನ. ಒಂದೇ ನಿಮಿಷದಲ್ಲಿ ಹಾಡುವವನ ಬಾಯಿ ಮುಂದೆ ಹೋಯಿತು, ದನಿ ಹಿಂದೆ ಉಳಿಯಿತು. ನಿಲ್ಲಿಸಿ ಮತ್ತೆ ಹಾಕಿದರು, ಮತ್ತೆ ಹಾಗೇ. ತಾಟು ಬೀಳುವ ಹೊತ್ತಿಗೆ ಪರದೆಯ ಮೇಲೆ ಗಿಟಾರು ಅರ್ಧ ಮುಗಿದಿತ್ತು. ಕೊನೆಗೆ ನಾಗಲಕ್ಷ್ಮಿ ಪ್ರೊಜೆಕ್ಟರ್ ಆರಿಸಿದಳು. ಬರೀ ಕ್ಯಾಸೆಟ್ಟು ಕೇಳೋಣ ಎಂದಳು.

ಕೇಳಿದರು. ಎರಡೂ ಬದಿ. ತಾಟು ಬಿದ್ದಾಗ ಯಾರೂ ಮಿಸುಕಲಿಲ್ಲ. ಮುಗಿದ ಮೇಲೆ ಅಭಿಪ್ರಾಯ ಒಂದಾಗಲಿಲ್ಲ. ಇಂಥ ಕೆಟ್ಟ ರೆಕಾರ್ಡಿಂಗನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೇನು, ಡ್ರಮ್ಮು ಕೇಳುವುದೇ ಇಲ್ಲ ಎಂದ ಬಸಲಿಂಗ. ಒಬ್ಬ ಹುಡುಗಿ ಕಣ್ಣೊರೆಸಿಕೊಂಡಳು, ಯಾಕೆಂದು ಕೇಳಿದರೆ ಗೊತ್ತಿಲ್ಲ ಎಂದಳು. ನಾಗಲಕ್ಷ್ಮಿ ಮಾತ್ರ, ಆ ಹೆಂಗಸು ಸಿನಿಮಾ ನೋಡದೆ ಪಾತ್ರೆ ತೊಳೆಯುತ್ತ ಕೇಳುತ್ತಿದ್ದಳಲ್ಲ, ಅವಳೂ ಕಾಕಾನಂಥವಳೇ ಎಂದಳು. ಪರಮಣ್ಣ ಅವರೆಲ್ಲರ ಮಾತು ಕೇಳುತ್ತ ಕೂತಿದ್ದ. ಯಾರದು ಸರಿ ಎಂದು ಅವನಿಗೆ ಹೇಳಲಾಗಲಿಲ್ಲ. ಆದರೆ ಇಷ್ಟು ಮಂದಿಯ ನಡುವೆ ಕೂತು ಅದನ್ನು ಕೇಳಿದ್ದು ಅದೇ ಮೊದಲ ಸಲವಾದ್ದರಿಂದ ಎದೆ ಹಗುರಾದದ್ದು ನಿಜ.

ಸಂಜೆ ಬಸ್ ಸ್ಟ್ಯಾಂಡಿಗೆ ವಿಶ್ವರಾಧ್ಯರು ಜೊತೆಗೆ ಬಂದರು. ಅವರಿಗೆ ಯಾದಗಿರಿಯ ಬಸ್ಸು, ಇವನಿಗೆ ಸುರಪುರದ್ದು. ಎರಡೂ ಬಂದಿರಲಿಲ್ಲ.

“ಪರಮಣ್ಣಾರ, ನನಗೊಂದು ತೊಂದ್ರಿ ಆಗ್ಯದ,” ಎಂದರು. “ಮನ್ಯಾಗ ಆ ಸಿನಿಮಾ ಹಾಕಿದ್ರ ಈಗ ನಾನೂ ತಾಟಿಗೆ ಕಾಯಾಕತ್ತೇನಿ. ಬೀಳಂಗಿಲ್ಲ. ಏನೋ ಕಳದಂಗ ಆಗ್ತದ.”

ಪರಮಣ್ಣನಿಗೆ ಕೆಡುಕೆನಿಸಿತು. ಅವರ ಸಿನಿಮಾವನ್ನು ತಾನು ಹಾಳುಮಾಡಿದೆನೇ ಎಂದು ಕೇಳಿದ. ಹಾಳೋ ಏನೋ ತಮಗೂ ತಿಳಿಯುತ್ತಿಲ್ಲ ಎಂದರು ಅವರು. ಆಮೇಲೆ ಪರಮಣ್ಣ, ಆ ಐದು ಮಂದಿ ಈಗ ಎಲ್ಲಿದ್ದಾರೆ ಎಂದು ಕೇಳಿದ. ಇದನ್ನು ಕೇಳಬೇಕೆಂದು ಅವನಿಗೆ ಇಷ್ಟು ದಿನ ಹೊಳೆದಿರಲೇ ಇಲ್ಲ. ಮೂವರು ತೀರಿಹೋದರು, ಇಬ್ಬರಿದ್ದಾರೆ, ಎಂಬತ್ತರ ಹತ್ತಿರ ಎಂದರು ವಿಶ್ವರಾಧ್ಯರು. ಗಿಟಾರಿನವನು ಹೋಗಿ ಹನ್ನೆರಡು ವರ್ಷವಾಗಿತ್ತು. ಅಷ್ಟರಲ್ಲಿ ಸುರಪುರದ ಬಸ್ಸು ಬಂತು.

ಮನೆಗೆ ಬಂದು ಪರಮಣ್ಣ ದುರಗಮ್ಮನಿಗೆ ಸುದ್ದಿ ಹೇಳಿದ. ಅವಳು ಕೈಯೊಳಗಿನ ಮೊರ ಕೆಳಗಿಟ್ಟು, ಉಳಿದ ಇಬ್ಬರು ಯಾರು ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ನಾಗಲಕ್ಷ್ಮಿಗೆ ಫೋನು ಮಾಡಿದ. ಡ್ರಮ್ಮಿನವನು, ಮತ್ತೆ ಪಿಯಾನೊ ನುಡಿಸುವವನು ಎಂದಳು ಅವಳು.

“ಪಿಯಾನೊ ಎಲ್ಲಿತ್ತವ್ವ ಅದರಾಗ?”

ಮೂಲೆಯಲ್ಲಿ ಬೆನ್ನು ಹಾಕಿ ಕೂತವನೇ ಅವನು, ಎರಡು ಸಲವಷ್ಟೇ ಕಾಣುತ್ತಾನೆ, ಆದರೆ ಎಲ್ಲ ಹಾಡಿನಲ್ಲೂ ನುಡಿಸುತ್ತಾನೆ ಎಂದಳು. ಪರಮಣ್ಣನಿಗೆ ನೆನಪಾಯಿತು. ಕತ್ತಲಲ್ಲಿ ಕೂತ ಆ ಮನುಷ್ಯನನ್ನು ಅವನು ಕಂಡಿದ್ದ, ಯಾರೋ ಕೆಲಸದವನಿರಬೇಕು ಎಂದುಕೊಂಡಿದ್ದ. ಮೂವತ್ತೈದು ವರ್ಷದಲ್ಲಿ ಆ ಹಾಡುಗಳೊಳಗೆ ಪಿಯಾನೊ ಎಂಬುದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

ಟವೆಲು ಬಿಚ್ಚಿ ಕ್ಯಾಸೆಟ್ಟು ಹಾಕಿದ. ಮೊದಲ ಹಾಡು ಮುಗಿಯಿತು, ಸಿಗಲಿಲ್ಲ. ಎರಡನೆಯದರಲ್ಲಿ ಗಿಟಾರಿನ ಅಡಿಯಲ್ಲಿ, ಬಹಳ ಕೆಳಗೆ, ಏನೋ ಟಿಣ್ ಟಿಣ್ ಎಂದ ಹಾಗಾಯಿತು. ದುರಗಮ್ಮನೂ ಬಂದು ಪಕ್ಕದಲ್ಲಿ ಕೂತು ಕಿವಿಗೊಟ್ಟಳು. ಅದೇ ಇರಬೇಕು ಎಂದ ಪರಮಣ್ಣ. ಅಲ್ಲ, ಅದು ಆ ಮನೆಯ ಗಡಿಯಾರದ ಗಂಟೆ ಎಂದಳು ದುರಗಮ್ಮ. ಅವನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ.